ಕಿಂಡಿಯಿಂದ ಬಂದ ಮಾತು

“ಗುರುಗಳೇ, ಒಳಗಿರುವವನಿಗೆ ಗೊತ್ತಿರುವುದನ್ನು ಹೊರಗೆ ನಿಂತವನಿಗೆ ಹೇಗೆ ಮುಟ್ಟಿಸಬೇಕು?” ಎಂದು ರತ್ನಮಾಲಾ ಕೇಳಿದಳು.

ಅವಳು ವೆಬ್‌ಸೈಟ್ ಕಟ್ಟುವ ಕೆಲಸ ಕಲಿಯಲು ಗುರುಗಳ ಬಳಿ ಬಂದವಳು. ಊರಿನ ಬಳೆ ಅಂಗಡಿಗೆ ಒಂದು ಸೈಟ್ ಮಾಡಿಕೊಟ್ಟಿದ್ದಳು. ಗಿರಾಕಿ ತನ್ನ ಹೆಸರು ಬರೆದರೆ ಅದು ದೂರದ ಸರ್ವರಿನಲ್ಲಿ ಹೋಗಿ ಕೂರುತ್ತಿತ್ತು. ಆಮೇಲೆ ಯಾರು ಪುಟ ತೆರೆದರೂ ಅವರ ಮೊಬೈಲಿನಲ್ಲಿ ಓಡುವ ಸ್ಕ್ರಿಪ್ಟು, ಎಂದರೆ ಸಾಲಾಗಿ ಬರೆದ ಅಪ್ಪಣೆಗಳನ್ನು ನಡೆಸುವಂಥದ್ದು, ‘ಇವತ್ತು ಬಳೆ ತೊಟ್ಟವರು ಇಂಥಿಂಥವರು’ ಎಂದು ಹೆಸರು ಹಿಡಿದು ಹೇಳಬೇಕು. ಹೆಸರು ಗೊತ್ತಿರುವುದು ಸರ್ವರಿಗೆ, ಹೇಳಬೇಕಾದದ್ದು ಸ್ಕ್ರಿಪ್ಟು. ಪುಟ ಕಟ್ಟಿ ಕಳಿಸಿದ ಮೇಲೆ ಸರ್ವರ್ ತನ್ನ ಪಾಡಿಗೆ ತಾನು. ಸ್ಕ್ರಿಪ್ಟು ಕಣ್ಣು ಬಿಡುವ ಹೊತ್ತಿಗೆ ಅದು ಪಕ್ಕದಲ್ಲಿ ಇರುವುದಿಲ್ಲ. ಅದಕ್ಕೆ ರತ್ನಮಾಲಾ ಗಿರಾಕಿಗಳು ಬರೆದದ್ದನ್ನು ಹಾಗೆಯೇ ಎತ್ತಿ, ತಾನು ಸ್ಕ್ರಿಪ್ಟಿಗೆ ಬರೆದ ಅಪ್ಪಣೆಗಳ ನಡುವೆ ಸೇರಿಸಿ ಕಳಿಸುತ್ತಿದ್ದಳು.

ಯಾರೋ ಒಬ್ಬ ಕಿಡಿಗೇಡಿ ಹೆಸರಿನ ಜಾಗದಲ್ಲಿ ಹೆಸರು ಬರೆಯಲಿಲ್ಲ. ಸ್ಕ್ರಿಪ್ಟಿನ ಭಾಷೆಯಲ್ಲೇ ಒಂದು ಅಪ್ಪಣೆ ಬರೆದ. ಅದೂ ಉಳಿದ ಅಪ್ಪಣೆಗಳ ಜೊತೆ ಹೋಯಿತು, ಸ್ಕ್ರಿಪ್ಟು ಅದನ್ನೂ ನಡೆಸಿತು. ಊರವರೆಲ್ಲರ ಮೊಬೈಲಿನಲ್ಲಿ ‘ಅಂಗಡಿ ಬಾಗಿಲು ಹಾಕಿದೆ, ಮನೆಗೆ ಹೋಗಿ’ ಎಂದು ಬಂತು. ಬಳೆಗಾರ ಮಾತ್ರ ಅಂಗಡಿ ತೆರೆದುಕೊಂಡು ನೊಣ ಹೊಡೆಯುತ್ತಾ ಕೂತಿದ್ದ.

“ಇನ್ನು ಮೇಲೆ ಒಳಗಿನದು ಒಳಗೇ ಇರಲಿ, ಏನನ್ನೂ ದಾಟಿಸುವುದೇ ಬೇಡ ಅನ್ನಿಸಿದೆ” ಎಂದಳು ರತ್ನಮಾಲಾ.

ಗುರುಗಳ ಮುಂದೆ ಒಂದು ಮೊರದ ತುಂಬ ಶೇಂಗಾ ಇತ್ತು. ಮೊರವನ್ನು ಅವಳ ಕಡೆಗೆ ಸ್ವಲ್ಪ ಸರಿಸಿದರು.

“ಕೂರು. ಕೈ ಶೇಂಗಾ ಬಿಡಿಸಲಿ, ಕಿವಿ ಇತ್ತ ಇರಲಿ” ಎಂದರು. ಆಮೇಲೆ ಕತೆ ಹೇಳಿದರು.

ಒಂದೂರಿನಲ್ಲಿ ಬಾಳವ್ವ ಎಂಬ ಅಡಿಗೆಯಾಕೆ ಇದ್ದಳು. ಸುತ್ತಲಿನ ಮದುವೆಗಳಿಗೆಲ್ಲ ಅವಳದೇ ಅಡಿಗೆ. ಅವಳು ಒಗ್ಗರಣೆ ಹಾಕಿದರೆ ಆಚೆ ಓಣಿಯಲ್ಲಿ ಉಂಡು ಮಲಗಿದವನೂ ಎದ್ದು ಕೂರುತ್ತಿದ್ದ. ಅಡಿಗೆಯ ಬಗ್ಗೆ ಅವಳಿಗೆ ಹೆಮ್ಮೆ ಇರಲಿಲ್ಲ. ಅವಳ ಹೆಮ್ಮೆ ಬೇರೆಯದೇ. ಯಾರು ಏನು ಹೇಳಿದರೂ ಅಕ್ಷರ ಬಿಡದೆ ನೆನಪಿಟ್ಟುಕೊಂಡು, ಅಕ್ಷರ ಬಿಡದೆ ತಿರುಗಿ ಹೇಳುತ್ತಿದ್ದಳು. “ಬಂದವರ ಮಾತು ಬಂದಂಗ ಹೋಗಬೇಕು. ನಡುವ ನಾನ್ಯಾಕಿ ತಿದ್ದಾಕಿ?” ಎನ್ನುತ್ತಿದ್ದಳು.

ಬಾಳವ್ವನಿಗೆ ಒಬ್ಬ ತಂಗಿ ಇದ್ದಳು, ತೀರಿಹೋದಳು. ತಂಗಿಯ ಮಗಳು ಕಸ್ತೂರಿ ಬಾಳವ್ವನ ಒಲೆಯ ಪಕ್ಕದಲ್ಲೇ ಕೂತು, ಅವಳ ಹಿಟ್ಟಿನ ಕೈಯಿಂದಲೇ ಜಡೆ ಹಾಕಿಸಿಕೊಂಡು, ರೊಟ್ಟಿ ಬಡಿಯುವುದು ಕಲಿತು ದೊಡ್ಡವಳಾದಳು. ಆ ಕಸ್ತೂರಿಗೆ ಮದುವೆ ಗೊತ್ತಾಯಿತು. ಹುಡುಗ ಒಳ್ಳೆಯವನು. ಕಸ್ತೂರಿಗೂ ಅವನ ಮೇಲೆ ಮನಸ್ಸು. ಮದುವೆಯ ದಿನ ಅವಳ ತಂದೆ ಅಡಿವೆಪ್ಪ ಗೌಡ ಬಂದು ಬಾಳವ್ವನ ಮುಂದೆ ಕೈಮುಗಿದ.

“ಅಕ್ಕಾ, ಅಡಿಗಿ ನಿಂದ. ಒಂದ ಮಾತು. ಹುಡುಗನ ಕಡಿಂದ ದೊಡ್ಡಾಯಿ ಬಂದಾಳ.”

ದೊಡ್ಡಾಯಿ ಎಂದರೆ ಹುಡುಗನ ಅಜ್ಜನ ಅಕ್ಕ. ಆ ಮನೆತನಕ್ಕೆ ಅವಳೇ ಹಿರಿಯಳು, ಅವಳು ಹೂಂ ಅನ್ನದೆ ಅಲ್ಲಿ ಎತ್ತಿಗೆ ನೊಗ ಕಟ್ಟುತ್ತಿರಲಿಲ್ಲ. ಹಿಂದೆ ಅಡಿವೆಪ್ಪನ ಮದುವೆಯಲ್ಲಿ ಇದೇ ಮನೆಯ ಪಂಕ್ತಿಯಲ್ಲಿ ಅವಳು ಉಣ್ಣಲು ಕೂತಿದ್ದಳು. ಎಲ್ಲರ ಎಲೆಗೂ ತುಪ್ಪ ಬಿತ್ತು, ಅವಳ ಎಲೆಗೆ ಬೀಳಲಿಲ್ಲ. ಅಂದು ಎದ್ದು ಹೋದವಳು ಮತ್ತೆ ಆ ಹೊಸ್ತಿಲು ತುಳಿದಿರಲಿಲ್ಲ. ಈಗ ಮೊಮ್ಮಗನ ಮೇಲಿನ ಆಸೆಗೆ ಬಂದಿದ್ದಳು. ಬಂಡಿ ಇಳಿಯುವಾಗಲೇ ಎಲ್ಲರಿಗೂ ಕೇಳುವಂತೆ ಹೇಳಿದ್ದಳು:

“ಈ ಸಲ ನನ್ನ ಎಲಿಗೆ ತುಪ್ಪ ಬಿದ್ದರ ಹುಡುಗಿನ್ನ ಕರಕೊಂಡು ಹೋಗೂದು. ಬೀಳಲಿಲ್ಲಂದ್ರ ಬಂದ ಬಂಡಿ ಬಂದಂಗ ತಿರುಗಸ್ರಿ.”

ಆ ಊರಿನಲ್ಲಿ ಒಂದು ಪದ್ಧತಿ. ಪಂಕ್ತಿಯಲ್ಲಿ ಹಿರಿಯರು ಎದ್ದರೆ ಉಳಿದವರೂ ಕೈ ತೊಳೆಯಬೇಕು. ಬಾಯಲ್ಲಿ ತುತ್ತು ಇದ್ದರೂ ಅಷ್ಟೇ. ದೊಡ್ಡಾಯಿ ಎದ್ದರೆ ಬೀಗರೆಲ್ಲ ಎದ್ದ ಹಾಗೆ. ಬೀಗರು ಎದ್ದರೆ ಕಸ್ತೂರಿ ಹಸಿರು ಬಳೆ ತೊಟ್ಟುಕೊಂಡು ತವರಿನಲ್ಲೇ ಕೂತ ಹಾಗೆ.

“ಕೂಸಿನ ಬಾಳೇವು ಒಂದು ತುಪ್ಪದ ಹನಿ ಮ್ಯಾಲೆ ನಿಂತೈತಿ, ಅಕ್ಕಾ” ಎಂದ ಅಡಿವೆಪ್ಪ.

“ಹನಿ ಯಾಕ, ತಂಬಿಗಿ ತುಂಬ ಇಟ್ಟೇನಿ. ನೀ ತಲಿಗೆ ಪಟಗ ಸುತಗೊ, ಹೋಗು” ಎಂದು ಬಾಳವ್ವ ಅವನನ್ನು ಅಟ್ಟಿದಳು.

ಇನ್ನು ಅಡಿಗೆಮನೆಯ ಕತೆ ಹೇಳಬೇಕು. ಒಲೆ ಹೊತ್ತಿದ ಮೇಲೆ ಕೊನೆಯ ಪಂಕ್ತಿ ಏಳುವವರೆಗೆ ಅಡಿಗೆಯಾಕೆ ಹೊರಗೆ ಬರುವಂತಿಲ್ಲ. ಬಂದರೆ ಶುಭಕಾರ್ಯಕ್ಕೆ ಅಶುಭ. ಬಡಿಸುವವರು ಒಳಗೆ ಕಾಲಿಡುವಂತಿಲ್ಲ. ನಡುವೆ ಗೋಡೆ. ಗೋಡೆಯಲ್ಲಿ ಒಂದು ಕಿಂಡಿ. ಬುಟ್ಟಿ ಬಂದರೆ ಆ ಕಿಂಡಿಯಿಂದ, ತಂಬಿಗೆ ಬಂದರೆ ಆ ಕಿಂಡಿಯಿಂದ, ಮಾತು ಬಂದರೂ ಆ ಕಿಂಡಿಯಿಂದಲೇ.

ಬಡಿಸುವವರು ಕೂಲಿಯವರಲ್ಲ, ಮನೆಯ ಅಳಿಯಂದಿರು. ಹೊಸ ಧೋತರ ಉಟ್ಟು, ಗಂಧ ಹಚ್ಚಿಕೊಂಡು ಸಾಲಾಗಿ ನಿಲ್ಲುತ್ತಿದ್ದರು. ಅಳಿಯನಾದವನು ಅತ್ತೆಮನೆಯ ಕಿಂಡಿಯಿಂದ ಬಂದ ಮಾತಿಗೆ ‘ಯಾಕೆ’ ಅನ್ನಬಾರದು ಎಂಬುದು ಅಲ್ಲಿಯ ಮರ್ಯಾದೆ. ಅಂದವನನ್ನು ನಾದಿನಿಯರು ವರ್ಷವಿಡೀ ಆಡಿಕೊಳ್ಳುತ್ತಿದ್ದರು. ಹಾಗಾಗಿ ಅವರು ಯೋಚನೆ ಮಾಡುವುದನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬರುತ್ತಿದ್ದರು.

ಉಣ್ಣಲು ಬಂದವರು ಮೊದಲು ಹಿತ್ತಿಲ ಬಾಗಿಲಿಗೆ ಹೋಗಿ ಬಾಳವ್ವನನ್ನು ಮಾತಾಡಿಸಿ, ತಮಗೆ ಬೇಕಾದದ್ದು ಬೇಡವಾದದ್ದು ಹೇಳಿ ಬರುತ್ತಿದ್ದರು. ಅಲ್ಲಿ ಕೇಳಿದ್ದನ್ನು ಅವಳು ಇಲ್ಲಿ ಕಿಂಡಿಯಲ್ಲಿ ಹೇಳುತ್ತಿದ್ದಳು. ಅವಳಿಗೆ ಎಲ್ಲರದೂ ಗೊತ್ತು. ಅಳಿಯಂದಿರಿಗೆ ಯಾರದೂ ಗೊತ್ತಿಲ್ಲ.

ಮೊದಲ ಪಂಕ್ತಿ ಊರವರದು. ಬಡಿಗೇರ ಮೋನಪ್ಪ ಹಿತ್ತಿಲಿಗೆ ಬಂದು, “ಬದನಿಕಾಯಿ ಬ್ಯಾಡ, ಬಾಳವ್ವಾ. ಮೈ ತುರಸ್ತೈತಿ” ಎಂದ.

ಬಾಳವ್ವ ಒಂದು ಕೈಯಲ್ಲಿ ಸೌಟು ಹಿಡಿದು, ಕಿಂಡಿಗೆ ಮುಖವಿಟ್ಟು ಹೇಳಿದಳು: “ಬದನಿಕಾಯಿ ಬ್ಯಾಡ.”

ಅಳಿಯಂದಿರು ಎಣ್ಣೆಗಾಯಿಯ ಬೋಗುಣಿಯನ್ನು ಎತ್ತಿ ಮೂಲೆಗೆ ಇಟ್ಟರು. ಪಂಕ್ತಿಯವರ ಮೂಗಿಗೆ ವಾಸನೆ ಬರುತ್ತಿತ್ತು, ಎಲೆಗೆ ಮಾತ್ರ ಏನೂ ಬರಲಿಲ್ಲ.

“ಏನ ಅಳ್ಯಾರ, ಬದನಿಕಾಯಿ ನೋಡಾಕ ಅಷ್ಟ ಮಾಡಸ್ಯಾರೇನು?” ಎಂದು ಒಬ್ಬ ಮುದುಕ ಕೇಳಿದ.

“ಬ್ಯಾಡಂತ ಕಿಂಡ್ಯಾಗಿಂದ ಬಂದೈತ್ರಿ” ಎಂದು ದೊಡ್ಡ ಅಳಿಯ ಸಿದ್ಲಿಂಗ ಎದೆಯುಬ್ಬಿಸಿ ಹೇಳಿದ.

ಮೋನಪ್ಪ ಮಾತ್ರ ತನ್ನ ರೊಟ್ಟಿಯ ಮೇಲೆ ಬಗ್ಗಿ ಕೂತಿದ್ದ. ತಾನೊಬ್ಬ ಬೇಡ ಅಂದದ್ದಕ್ಕೆ ಊರಿಗೇ ಬದನೆಕಾಯಿ ತಪ್ಪಿತು ಎಂದು ಅವನಿಗೆ ಗೊತ್ತಾಗಿತ್ತು. ಹೇಳುವ ಧೈರ್ಯವಿರಲಿಲ್ಲ.

ಬೋಗುಣಿ ತುಂಬಿದ ಹಾಗೆಯೇ ಮರಳಿದ್ದು ನೋಡಿ ಬಾಳವ್ವನಿಗೆ ಮುಖ ಸಪ್ಪಗಾಯಿತು. ಯಾರಿಗೆ ಬೇಡ, ಯಾಕೆ ಬೇಡ ಎಂದು ತಾನು ಬಿಡಿಸಿ ಹೇಳಲಿಲ್ಲ, ಅದೇ ತಪ್ಪು ಎಂದುಕೊಂಡಳು. ಮುಂದಿನ ಮಾತನ್ನು ಬಿಡಿಸಿಯೇ ಹೇಳಿದಳು, ಅದೂ ಗಟ್ಟಿಯಾಗಿ, ಇಡೀ ಪಡಸಾಲೆಗೆ ಕೇಳುವಂತೆ:

“ಪೂಜಾರಪ್ಪಗ ಹೋಳಿಗಿ ಬ್ಯಾಡ. ಸಕ್ಕರಿ ಬ್ಯಾನಿ ಐತಂತ ಅವರಿಗೆ.”

ಎದುರಿನ ಸಾಲಿನಲ್ಲಿ ಪೂಜಾರಪ್ಪನ ಹೆಂಡತಿ ಕೂತಿದ್ದಳು. ಅವಳ ತುತ್ತು ಕೈಯಲ್ಲೇ ನಿಂತಿತು.

“ಹಂಗಾರ ದಿನಾ ಸಂಜಿಮುಂದ ಎರಡೆರಡು ಸಲ ಬೆಲ್ಲದ ಚಾ ಮಾಡಿಸಿಕೊಂಡು ಕುಡದದ್ದು ಯಾವ ಬ್ಯಾನಿಗ್ರಿ?” ಎಂದಳು.

ಪಡಸಾಲೆ ನಕ್ಕು ಬಿದ್ದುಹೋಯಿತು. ಪೂಜಾರಪ್ಪ ಕೋಸಂಬರಿಯ ಬೇಳೆಗಳನ್ನು ಒಂದೊಂದಾಗಿ ನೋಡತೊಡಗಿದ.

ಎಲ್ಲರೂ ನಕ್ಕರು, ಬಾಳವ್ವ ನಗಲಿಲ್ಲ. ನಾಲಿಗೆ ಕಚ್ಚಿಕೊಂಡಳು. ಅವಳಿಗೆ ದೊಡ್ಡಾಯಿಯ ನೆನಪಾಯಿತು.

ಆ ದಿನ ಬೆಳಗ್ಗೆ, ಒಲೆ ಹೊತ್ತಿಸುವ ಮೊದಲು, ದೊಡ್ಡಾಯಿ ಹಿತ್ತಿಲಿನ ಬೇವಿನ ಮರದ ಹಿಂದೆ ಒಬ್ಬಳೇ ಕೂತದ್ದನ್ನು ಬಾಳವ್ವ ಕಂಡಿದ್ದಳು. ಸೆರಗಿನ ಮರೆಯಲ್ಲಿ ಅಂಗೈಯಗಲದ ಒಂದು ಒರಳು. ಅದರಲ್ಲಿ ಎಲೆ ಅಡಿಕೆ ಹಾಕಿ ಸದ್ದಾಗದಂತೆ ಕುಟ್ಟುತ್ತಿದ್ದಳು. ಕುಟ್ಟಿದ್ದನ್ನು ಬಾಯಿಗೆ ಹಾಕಿಕೊಂಡು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅತ್ತ ಇತ್ತ ನೋಡಿದಳು. ಬಾಳವ್ವ ಕಟ್ಟಿಗೆ ಆರಿಸುವ ನೆವದಲ್ಲಿ ಮುಖ ತಿರುಗಿಸಿದ್ದಳು. ದೊಡ್ಡಾಯಿಯ ಬಾಯಲ್ಲಿ ಹಲ್ಲಿಲ್ಲ. ಅದು ಮನೆಯವರಿಗೂ ಗೊತ್ತಿಲ್ಲ. ಗೊತ್ತಾಗುವುದು ಅವಳಿಗೆ ಬೇಕಾಗಿಯೂ ಇಲ್ಲ. ನೆಂಟರ ಮನೆಯಲ್ಲಿ ‘ಹೊಟ್ಟೆ ತುಂಬೈತಿ’ ಎಂದು ಹೇಳಿ ಉಪವಾಸ ಏಳುವುದನ್ನು ಅವಳು ಯಾವಾಗಲೋ ರೂಢಿ ಮಾಡಿಕೊಂಡಿದ್ದಳು.

ಬಾಳವ್ವ ಅವಳಿಗೆಂದು ಬೇರೆಯೇ ಒಂದು ಹೋಳಿಗೆ ಮಾಡಿದ್ದಳು. ಮೈದಾ ಹೊದಿಕೆ ಎಲೆಯಷ್ಟು ತೆಳು, ಹೂರಣ ಬೆಣ್ಣೆಯಷ್ಟು ನುಣುಪು. ಬಿಸಿ ಹಾಲಿನಲ್ಲಿ ಅದನ್ನು ನೆನೆಹಾಕಿ ಇಟ್ಟಿದ್ದಳು. ಆದರೆ ಕಳಿಸುವುದು ಹೇಗೆ? ಬಾಯಿ ಬಿಟ್ಟು ಹೇಳಿದರೆ ಪೂಜಾರಪ್ಪನ ಗತಿಯೇ ದೊಡ್ಡಾಯಿಗೂ ಬರುತ್ತಿತ್ತು. ಹೇಳದಿದ್ದರೆ ಅಳಿಯಂದಿರು ಅದನ್ನು ಯಾರ ಎಲೆಗೆ ಹಾಕಿ ಬರುತ್ತಾರೋ.

ಅವಳು ಯೋಚಿಸುತ್ತಾ ನಿಂತಿರುವಾಗ ಹಿತ್ತಿಲ ಬಾಗಿಲಲ್ಲಿ ಒಂದು ಹೊಟ್ಟೆ ಕಾಣಿಸಿತು. ಅದರ ಹಿಂದೆ ಫಕೀರಪ್ಪ ಬಂದ.

ಫಕೀರಪ್ಪ ಹುಡುಗನ ಕಾಕಾ. ಉಣ್ಣುವುದರಲ್ಲಿ ಹೆಸರಾದವನು, ನಗಿಸುವುದರಲ್ಲೂ ಹಾಗೆಯೇ. ಮೊದಲ ಪಂಕ್ತಿ ಉಣ್ಣುವಾಗ ಅವನು ಕಂಬಕ್ಕೆ ಒರಗಿ ನಿಂತು ಎಲ್ಲವನ್ನೂ ನೋಡಿದ್ದ. ಕಿಂಡಿಯಿಂದ ‘ಬೇಡ’ ಬಂದರೆ ಊರಿಗೇ ಬೇಡ. ಕಿಂಡಿಯಿಂದ ‘ಬೇಕು’ ಬಂದರೆ? ಆ ಲೆಕ್ಕ ಹಾಕಿಕೊಂಡೇ ಬಂದಿದ್ದ.

“ಬಾಳವ್ವಾ, ನಂದೂ ಒಂದು ಮಾತು ಕಿಂಡಿಗೆ ಮುಟ್ಟಸಬೇಕಲ್ಲ” ಎಂದ.

“ಹೇಳ್ರಿ ಬೀಗರ. ಏನ ಬ್ಯಾಡ ನಿಮಗ?”

“ಬ್ಯಾಡ ಅನ್ನೂದು ನನ್ನ ಬಾಯಾಗ ಬರೂದಿಲ್ಲ. ಹಿಂಗ ಹೇಳು: ‘ಹೋಳಿಗಿ ಬುಟ್ಟಿ, ತುಪ್ಪದ ತಂಬಿಗಿ ಎರಡೂ ಕಡೀ ಎಲಿ ಮುಂದ ಇಟ್ಟು ಬರ್ರಿ.’ ಅಕ್ಷರ ತಿದ್ದಬ್ಯಾಡ ಮತ್ತ. ಬಂದವರ ಮಾತು ನೀ ತಿದ್ದೂದಿಲ್ಲಂತ ಕೇಳೇನಿ.”

ಬಾಳವ್ವನಿಗೆ ನಗು ಬಂತು. ಬೀಗರ ತಮಾಷೆ, ತುಪ್ಪ ಹೇಗಿದ್ದರೂ ಮೊದಲ ಎಲೆಯಿಂದಲೇ ಬೀಳುತ್ತಾ ಕಡೆಯ ಎಲೆಗೆ ಹೋಗುತ್ತದೆ ಎಂದುಕೊಂಡಳು. ಅವಳ ಹೆಮ್ಮೆಯ ಜಾಗವನ್ನೇ ಅವನು ಸವರಿದ್ದ. ತಿದ್ದುವುದು ಅವಳಿಂದ ಆಗಲಿಲ್ಲ.

ಬೀಗರ ಪಂಕ್ತಿ ಕೂತಿತು. ದೊಡ್ಡಾಯಿ ಮೊದಲ ಎಲೆಗೆ, ಫಕೀರಪ್ಪ ಕೊನೆಯ ಎಲೆಗೆ. ಬಾಳವ್ವ ಕಿಂಡಿಗೆ ಮುಖವಿಟ್ಟು ಒಂದೇ ಉಸಿರಿನಲ್ಲಿ ಹೇಳಿದಳು:

“ಮೊದಲು ಉಪ್ಪು. ಆಮ್ಯಾಲೆ ಕೋಸಂಬರಿ, ಪಲ್ಯ. ಹೋಳಿಗಿ ಬುಟ್ಟಿ, ತುಪ್ಪದ ತಂಬಿಗಿ ಎರಡೂ ಕಡೀ ಎಲಿ ಮುಂದ ಇಟ್ಟು ಬರ್ರಿ. ಕಟ್ಟಿನ ಸಾರು ಹಿಂದಿಂದ ಬರಲಿ.”

ಅವಳ ಮಾತು ಯಾವುದು, ಫಕೀರಪ್ಪನ ಮಾತು ಯಾವುದು, ಗೋಡೆಯ ಆಚೆ ನಿಂತವರಿಗೆ ಹೇಗೆ ತಿಳಿಯಬೇಕು? ದನಿ ಒಂದೇ, ಕಿಂಡಿ ಒಂದೇ. ಅಳಿಯಂದಿರು ಉಪ್ಪು ಬಡಿಸಿದರು. ಕೋಸಂಬರಿ ಬಡಿಸಿದರು. ಆಮೇಲೆ ಸಿದ್ಲಿಂಗ ಹೋಳಿಗೆಯ ಬುಟ್ಟಿ ಹೊತ್ತ, ಇನ್ನೊಬ್ಬ ತುಪ್ಪದ ತಂಬಿಗೆ ಹಿಡಿದ. ಇಬ್ಬರೂ ಗಂಭೀರವಾಗಿ ಎಲ್ಲ ಎಲೆಗಳನ್ನು ದಾಟಿ ನಡೆದು, ಫಕೀರಪ್ಪನ ಮುಂದೆ ಅವೆರಡನ್ನೂ ಇಟ್ಟು, ಕೈ ಕಟ್ಟಿಕೊಂಡು ಮರಳಿದರು.

ಫಕೀರಪ್ಪ ಬುಟ್ಟಿಗೆ ಒಮ್ಮೆ ಕೈಮುಗಿದು ಶುರು ಮಾಡಿದ. ಅಕ್ಕಪಕ್ಕದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೊದಲ ಎಲೆಯ ಹತ್ತಿರ ನಗು ಇರಲಿಲ್ಲ. ತುಪ್ಪದ ತಂಬಿಗೆ ತನ್ನ ಎಲೆಯನ್ನು ದಾಟಿ ಹೋದದ್ದನ್ನು ದೊಡ್ಡಾಯಿ ಕಣ್ಣಾರೆ ಕಂಡಿದ್ದಳು. ಅದೇ ಮನೆ. ಅದೇ ಪಡಸಾಲೆ. ಅದೇ ತುಪ್ಪ.

“ಈ ಮನಿ ತುಪ್ಪಕ್ಕ ನನ್ನ ಎಲಿ ಕಾಣೂದ ಇಲ್ಲ, ನೋಡು” ಎಂದಳು. ದನಿ ಸಣ್ಣದೇ ಇತ್ತು. ಆದರೆ ಅವಳ ಎಡಗೈ ನೆಲಕ್ಕೆ ಊರಿತು. ಏಳುವವರು ಊರುವ ಹಾಗೆ.

ಪಂಕ್ತಿಯ ನಗು ಎಲೆಯಿಂದ ಎಲೆಗೆ ಆರುತ್ತಾ ಹೋಯಿತು. ಅಡಿವೆಪ್ಪ ಗೌಡ ಬಾಗಿಲಲ್ಲಿ ನಿಂತಲ್ಲೇ ಬೆವತ. ಒಳಕೋಣೆಯ ಬಾಗಿಲ ಸಂದಿಯಲ್ಲಿ ಕಸ್ತೂರಿಯ ಬಾಸಿಂಗ ಅಲುಗಿದ್ದು ಬಾಳವ್ವನಿಗೆ ಕಿಂಡಿಯಿಂದಲೇ ಕಂಡಿತು.

ಬಾಳವ್ವ ಓಡಲು ಕಾಲೆತ್ತಿದಳು. ಹೊಸ್ತಿಲು ಅಡ್ಡ ಬಂತು. ಕೂಗಲು ಬಾಯಿ ತೆರೆದಳು. ಕೂಗಿದರೆ ಮುದುಕಿಯ ಮಾನ ಹೋಗುತ್ತಿತ್ತು. ಅವಳಿಗೆ ಆಗ ಹೊಳೆಯಿತು. ಕಾಲೂ ಬೇಡ, ಕೂಗೂ ಬೇಡ. ಕೈಯ ಹತ್ತಿರ ಮುತ್ತುಗದ ದೊನ್ನೆಗಳಿದ್ದವು.

ಒಂದು ದೊನ್ನೆ ಎತ್ತಿಕೊಂಡಳು. ನೆನೆಸಿಟ್ಟ ಹೋಳಿಗೆಯನ್ನು ಅದರಲ್ಲಿ ಇಟ್ಟಳು. ಒಳಗೆ ಉಳಿದಿದ್ದ ತುಪ್ಪವನ್ನೆಲ್ಲ ಅದರ ಮೇಲೆ ಸುರಿದಳು. ಇನ್ನೊಂದು ಎಲೆ ಮುಚ್ಚಿ, ಕಡ್ಡಿ ಚುಚ್ಚಿದಳು. ಕಿಂಡಿಯಲ್ಲಿ ಮೆಲ್ಲಗೆ ಕರೆದಳು.

“ಅಳ್ಯಾರ, ಇದನ್ನ ಮೊದಲನೇ ಎಲಿ ಬಲಕ್ಕ ಇಡ್ರಿ. ಮುಚ್ಚಿದ್ದು ತಗೀಬ್ಯಾಡ್ರಿ. ಬಾಯಿ ಮಾಡಬ್ಯಾಡ್ರಿ. ಇಟ್ಟು ಬರ್ರಿ, ಅಷ್ಟ.”

ಸಿದ್ಲಿಂಗ ಯಾಕೆ ಅನ್ನಲಿಲ್ಲ. ಇಟ್ಟು ಬಂದ.

ದೊಡ್ಡಾಯಿ ಅರ್ಧ ಎದ್ದವಳು ದೊನ್ನೆಯನ್ನು ನೋಡಿದಳು. ಇಡೀ ಪಂಕ್ತಿಯಲ್ಲಿ ಮುಚ್ಚಿದ ದೊನ್ನೆ ಅದೊಂದೇ. ಕಡ್ಡಿ ತೆಗೆದಳು. ತುಪ್ಪದಲ್ಲಿ ಮುಳುಗಿ, ಹಾಲು ಕುಡಿದು, ಮುಟ್ಟಿದರೆ ಮುರಿಯುವಷ್ಟು ಮೆತ್ತಗೆ ಒಂದು ಹೋಳಿಗೆ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಬೇವಿನ ಮರ, ಕಟ್ಟಿಗೆ ಆರಿಸುತ್ತಿದ್ದ ಹೆಂಗಸು, ತಿರುಗಿದ ಆ ಮುಖ ಎಲ್ಲ ನೆನಪಾಗಿರಬೇಕು. ತಲೆ ಎತ್ತಿ ಕಿಂಡಿಯ ಕಡೆ ನೋಡಿದಳು. ಅಲ್ಲಿ ಹೊಗೆಯ ನಡುವೆ ಎ‍ರಡು ಕಣ್ಣು ಇದ್ದವು.

ನೆಲಕ್ಕೆ ಊರಿದ್ದ ಕೈ ಮಡಿಲಿಗೆ ಬಂತು. ದೊಡ್ಡಾಯಿ ಕೂತಳು. ಒಂದು ತುತ್ತು ಬಾಯಿಗಿಟ್ಟಳು. ಅಗಿಯಬೇಕಾಗಲೇ ಇಲ್ಲ.

ದೊನ್ನೆ ಬರಿದಾದ ಮೇಲೆ ಬೆರಳು ನೆಕ್ಕಿಕೊಂಡು, ಪಂಕ್ತಿಯ ಆ ತುದಿಗೆ ಕೇಳುವಂತೆ ಕೇಳಿದಳು:

“ಯಾಂವಲೇ ಅಂವ, ಊರ ತುಪ್ಪ ಮುಂದ ಇಟಗೊಂಡು ಕುಂತಾಂವ?”

“ನಾನಲ್ಲ ಆಯಿ, ಕಿಂಡ್ಯಾಗಿಂದ ಅಪ್ಪಣಿ ಆತು” ಎಂದ ಫಕೀರಪ್ಪ. ಬಾಯಿ ತುಂಬಿದ್ದರಿಂದ ಮಾತು ಅರ್ಧವೇ ಬಂತು.

ದೊಡ್ಡಾಯಿ ಕಣ್ಣು ಕಿರಿದು ಮಾಡಿದಳು.

“ಅಡಿವೆಪ್ಪನ ಮದಿವ್ಯಾಗ ನನ್ನ ಮಗ್ಗಲ ಎಲಿ ಯಾರದಿತ್ತೋ, ಫಕೀರ್‍ಯಾ?”

ಫಕೀರಪ್ಪ ಬುಟ್ಟಿಯೊಳಗೆ ಇಣುಕಿ ಏನನ್ನೋ ಹುಡುಕಿದ. ಅದು ಸಿಗಲಿಲ್ಲ.

“ನಂದ, ಆಯಿ” ಎಂದ. “ಆಗ ಸಣ್ಣಾಂವ ಇದ್ನಿ. ಹಸಿವು ಜಾಸ್ತಿ ಇತ್ತು.”

“ನನ್ನ ಪಾಲಿನ ತುಪ್ಪಾನೂ ನಿನ್ನ ಎಲಿಗೆ ಹಾಕಿಸಿಗೊಂಡಿದ್ದಿ?”

“ನೀ ಆಕಡೆ ಮಾರಿ ಮಾಡಿದ್ದಿ, ಆಯಿ. ‘ದೊಡ್ಡಾಯಿಗೆ ತುಪ್ಪ ಸೇರೂದಿಲ್ಲ, ಆಕೀದು ನನಗ ಹಾಕು’ ಅಂದೆ. ಬಡಸಾಂವ ಹಾಕಿದ.”

ಆಮೇಲೆ ದೊಡ್ಡಾಯಿ ನಕ್ಕಳು. ಸೆರಗು ಬಾಯಿಗೆ ತರುವುದನ್ನು ಮರೆತು, ತಲೆ ಹಿಂದಕ್ಕೆ ಹಾಕಿ ನಕ್ಕಳು. ಒಂದು ಹಲ್ಲೂ ಇಲ್ಲದ ಆ ಬಾಯನ್ನು ಎಲ್ಲರೂ ಕಂಡರು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ, ಎಲ್ಲರಿಗೂ ನಗುವುದೇ ಕೆಲಸವಾಗಿತ್ತು.

“ಇಷ್ಟು ದಿನ ಗೌಡನ ಮನಿ ಮ್ಯಾಲೆ ಸಿಟ್ಟ ಇಟಗೊಂಡು ಕುಂತಿದ್ನೆಲ್ಲೋ” ಎಂದಳು ಕಣ್ಣೊರೆಸಿಕೊಳ್ಳುತ್ತಾ. “ಆ ಸಿಟ್ಟು ನಿನ್ನ ಹೊಟ್ಟಿ ಮ್ಯಾಲೆ ಇಡಬೇಕಿತ್ತು. ಇಡಾಕ ಜಾಗಾನೂ ಬೇಕಾದಷ್ಟಿತ್ತು.”

ಅಡಿವೆಪ್ಪ ಗೌಡ ಪಟಗ ಬಿಚ್ಚಿ ಮುಖ ಒರೆಸಿಕೊಂಡ. ಬಾಳವ್ವ ಕಿಂಡಿಯಲ್ಲಿ ತನ್ನ ಸ್ವಂತ ಮಾತು ಹೇಳಿದಳು: “ತಂಬಿಗಿ ಮೊದಲನೇ ಎಲಿಂದ ಹೊರಡಲಿ.” ತಂಬಿಗೆ ಹೊರಟಿತು. ಎಲ್ಲರ ಎಲೆಗೂ ತುಪ್ಪ ಬಿತ್ತು.

ಪಂಕ್ತಿ ಏಳುವಷ್ಟರಲ್ಲಿ ಬಾಳವ್ವ ಅಳಿಯಂದಿರನ್ನೆಲ್ಲ ಕಿಂಡಿಯ ಮುಂದೆ ಕರೆದು ನಿಲ್ಲಿಸಿಕೊಂಡಳು.

“ಇನ್ನ ಮ್ಯಾಲೆ ಹಿಂಗ, ಅಳ್ಯಾರ. ಬಾಯಿಂದ ಬಂದದ್ದು ನನ್ನ ಮಾತು. ಅದನ್ನ ನಡಸ್ರಿ. ದೊನ್ನ್ಯಾಗ ಬಂದದ್ದು ಉಣ್ಣಾಕ ಬಂದವರದು. ಅದನ್ನ ಅವರ ಎಲಿಗೆ ಇಡ್ರಿ. ತಗದು ನೋಡಬ್ಯಾಡ್ರಿ, ಅದು ಹೇಳಿದಂಗ ಕೇಳಬ್ಯಾಡ್ರಿ.”

“ದೊನ್ನಿ ಮಾತಾಡತೈತೇನ್ರಿ, ಅತ್ತಿ?” ಎಂದು ಸಿದ್ಲಿಂಗ ಕೇಳಿದ. ಜೀವಮಾನದಲ್ಲಿ ಅವನು ಕಿಂಡಿಗೆ ಕೇಳಿದ ಮೊದಲ ಪ್ರಶ್ನೆ ಅದು.

“ಬೀಗರು ಇರೂ ತನಕ ಏನ ಬೇಕಾದ್ದು ಮಾತಾಡತೈತಿ” ಎಂದಳು ಬಾಳವ್ವ.

ಆಮೇಲಿನ ಪಂಕ್ತಿಯಲ್ಲಿ ಹಿತ್ತಿಲಿಗೆ ಬಂದು ಯಾರು ಏನೇ ಹೇಳಿದರೂ ಅದು ಬಾಳವ್ವನ ಬಾಯಿಗೆ ಬರಲಿಲ್ಲ. ಬದನೆಕಾಯಿ ಒಲ್ಲದವರ ಎಲೆಗೆ ಹೀರೇಕಾಯಿಯ ದೊನ್ನೆ ಬಂತು, ಉಳಿದವರು ಎಣ್ಣೆಗಾಯಿ ಚಪ್ಪರಿಸಿದರು. ಖಾರ ಆಗದ ಬಸುರಿಗೆ ಬೆಲ್ಲ ಬೆರೆತ ಪಲ್ಯ ಬಂತು. ಯಾರ ದೊನ್ನೆಯಲ್ಲಿ ಏನಿದೆ, ಯಾಕಿದೆ ಎಂದು ಪಕ್ಕದ ಎಲೆಯವರಿಗೂ ತಿಳಿಯಲಿಲ್ಲ. ಬಾಳವ್ವ ತನಗೆ ಗೊತ್ತಿದ್ದದ್ದನ್ನೆಲ್ಲ ದೊನ್ನೆಗೆ ಹಾಕಲಿಲ್ಲ. ಆ ಎಲೆಗೆ ಎಷ್ಟು ಬೇಕೋ ಅಷ್ಟೇ ಹಾಕಿದಳು. ಉಳಿದದ್ದು ಅವಳ ಹೊಟ್ಟೆಯಲ್ಲೇ ಉಳಿಯಿತು.

ಫಕೀರಪ್ಪ ಮತ್ತೆ ಹಿತ್ತಿಲ ಬಾಗಿಲಿಗೆ ಬಂದ. ಈ ಪಂಕ್ತಿಗೂ ಕೂರುವವನಿದ್ದ.

“ಬಾಳವ್ವಾ, ಈ ಸಲ ಹಿಂಗ ಹೇಳು: ‘ಪಾಯಸದ ಹಂಡೆ ಎತ್ತಿಕೊಂಡು ಕಂಬದ ಮಗ್ಗಲಕ ಬರ್ರಿ.’”

“ಆತ್ರಿ ಬೀಗರ. ನಿಮ್ಮ ಮಾತು ನಿಮ್ಮ ಎಲಿಗೆ ಮುಟ್ಟಸ್ತೀನಿ” ಎಂದಳು ಅವಳು.

ಫಕೀರಪ್ಪ ಕಂಬದ ಪಕ್ಕದಲ್ಲಿ ಕೂತು, ಹಂಡೆಗೆ ಜಾಗ ಮಾಡಿ, ತೋಳೇರಿಸಿಕೊಂಡು ಕಾದ. ಸಿದ್ಲಿಂಗ ಒಂದು ಮುಚ್ಚಿದ ದೊನ್ನೆ ತಂದು ಅವನ ಎಲೆಯ ಬಲಕ್ಕೆ ಇಟ್ಟು ಹೋದ. ಫಕೀರಪ್ಪ ಕಡ್ಡಿ ತೆಗೆದ. ಒಳಗೆ ಒಬ್ಬರಿಗೆ ಆಗುವಷ್ಟು ಪಾಯಸ ಇತ್ತು. ಮೇಲೆ ಒಂದು ಗೋಡಂಬಿ.

ಅವನು ಎಷ್ಟು ದೊಡ್ಡ ಮಾತು ಹೇಳಿ ಕಳಿಸಿದ್ದರೂ ಅದು ಅವನ ಎಲೆಯನ್ನು ದಾಟಲಿಲ್ಲ.

“ಚಲೋ ಆಗೇತಿ ಬಿಡು” ಎಂದು ಫಕೀರಪ್ಪನೇ ನಕ್ಕು, ಗೋಡಂಬಿಯನ್ನು ಕೊನೆಗೆ ಇಟ್ಟುಕೊಂಡು ಉಂಡ.

ಕೊನೆಯ ಪಂಕ್ತಿ ಎದ್ದಿತು. ಒಲೆ ಆರಿತು. ಬಾಳವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಹೊಸ್ತಿಲು ದಾಟಿ ಹೊರಗೆ ಬಂದಳು. ಕಸ್ತೂರಿ ಬಾಸಿಂಗ ಓರೆಯಾಗುವುದನ್ನೂ ಲೆಕ್ಕಿಸದೆ ಓಡಿಬಂದು ಅವಳನ್ನು ತಬ್ಬಿದಳು. ಹೊಸ ಸೀರೆಗೆ ಹಿಟ್ಟೂ ಮಸಿಯೂ ಹತ್ತಿದವು.

“ಬಿಡು ಕೂಸ, ಮಸಿ ಆಗತೈತಿ.”

“ಆಗಲಿ, ದೊಡ್ಡವ್ವಾ.”

ದೊಡ್ಡಾಯಿ ಗೋಡೆಗೆ ಒರಗಿ ಕೂತಿದ್ದಳು. ಸಣ್ಣ ಒರಳು ಈಗ ಸೆರಗಿನ ಮರೆಯಲ್ಲಿರಲಿಲ್ಲ. ಎಲ್ಲರೆದುರಿಗೇ ಎಲೆ ಅಡಿಕೆ ಕುಟ್ಟುತ್ತಿದ್ದಳು.

“ಏ ಹುಡುಗಿ, ಈಕೀ ಕಡಿಂದ ಏನೇನ ಕಲತಿ?” ಎಂದು ಕಸ್ತೂರಿಯನ್ನು ಕೇಳಿದಳು.

“ರೊಟ್ಟಿ, ಎಣ್ಣಿಗಾಯಿ, ಹೋಳಿಗಿ, ಆಯಿ.”

“ದೊನ್ನಿ ಮುಚ್ಚೂದು?”

“ಇವತ್ತ ನೋಡೇನಿ.”

“ಅದನ್ನ ಮರೀಬ್ಯಾಡ. ಅದಕ್ಕ ನಿನ್ನ ಕರಕೊಂಡು ಹೊಂಟೀನಿ” ಎಂದಳು ದೊಡ್ಡಾಯಿ. ಆಮೇಲೆ ಬಾಳವ್ವನ ಕಡೆ ತಿರುಗಿ ತನ್ನ ಪಕ್ಕದ ನೆಲವನ್ನು ತಟ್ಟಿದಳು. “ನೀ ಇನ್ನ ಉಂಡಿಲ್ಲ. ಕುಂಡ್ರು. ನಾ ಬಡಸ್ತೀನಿ.”

“ಅಯ್ಯ, ನೀವು ಬೀಗತಿಯರು, ನೀವು ಬಡಸೂದೇನ್ರಿ?”

“ಕುಂಡ್ರು ಅಂದ್ರ ಕುಂಡ್ರು. ಯಾಕ ಅನ್ನಬಾರದಂತಲ್ಲ ಈ ಊರಾಗ?”

ಬಾಳವ್ವ ಕೂತಳು. ದೊಡ್ಡಾಯಿ ತಂಬಿಗೆ ಎತ್ತಿ ಅವಳ ಎಲೆಗೆ ತುಪ್ಪ ಸುರಿದಳು. ಸಾಕು ಸಾಕು ಅಂದರೂ ಸುರಿದಳು. ತುಪ್ಪ ಎಲೆ ತುಂಬಿ, ಅಂಚು ದಾಟಿ, ನೆಲದ ಮೇಲೆ ಹರಿದು, ಅಡಿವೆಪ್ಪ ಗೌಡನ ಪಡಸಾಲೆಯ ಮಣ್ಣಿನಲ್ಲಿ ಇಂಗಿತು.

ಗುರುಗಳು ಕತೆ ಮುಗಿಸಿದರು. ಮೊರದಲ್ಲಿ ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಆಗಿದ್ದವು. ರತ್ನಮಾಲಾ ಇನ್ನೂ ನಗುತ್ತಿದ್ದಳು. ಕೈಯಲ್ಲಿ ಕೊನೆಯದೊಂದು ಶೇಂಗಾ ಉಳಿದಿತ್ತು.

“ತಿಳಿಯಿತು ಗುರುಗಳೇ” ಎಂದಳು. “ದಾಟಿಸುವುದನ್ನು ಬಿಡುವುದಲ್ಲ, ದೊನ್ನೆಗೆ ಹಾಕುವುದು. ಗಿರಾಕಿ ಬರೆದದ್ದು ಬೇರೆ ಕಟ್ಟಿನಲ್ಲಿ, ಮುಚ್ಚಿಕೊಂಡು ಹೋಗಬೇಕು. ಸ್ಕ್ರಿಪ್ಟು ಅದನ್ನು ಪುಟದ ಮೇಲೆ ಇಡಬೇಕು, ಅಷ್ಟೇ. ಅಪ್ಪಣೆ ಎಂದು ನಡೆಸಬಾರದು. ಬೇಕಾದಷ್ಟೇ ಹೋಗಬೇಕು, ಉಳಿದದ್ದು ಸರ್ವರಿನ ಹೊಟ್ಟೆಯಲ್ಲೇ ಇರಬೇಕು. ಇವತ್ತೇ ಸರಿಮಾಡಿ, ಬಳೆಗಾರರ ಅಂಗಡಿ ತೆರೆಸುತ್ತೇನೆ.”

ಗುರುಗಳು ಹೂಂಗುಟ್ಟಿದರು.

“ಏನೇ ಹೇಳಿ, ತಪ್ಪೆಲ್ಲ ಆ ಫಕೀರಪ್ಪನದೇ. ನನಗೂ ಅಂಥವನೇ ಒಬ್ಬ ಗಂಟುಬಿದ್ದ.”

ಗುರುಗಳು ಅವಳ ಕಡೆ ನೋಡಿ ನಕ್ಕರು.

“ಫಕೀರಪ್ಪ ಹೋಳಿಗೆ ಬೇಡಿದ, ಅಷ್ಟೇ. ಅವನ ಮಾತಿಗೆ ತಮ್ಮ ದನಿ ಕೊಟ್ಟವರು ಯಾರು, ಮಗಳೇ?”

ರತ್ನಮಾಲಾ ಕೊನೆಯ ಶೇಂಗಾ ಬಿಡಿಸಿ, ಕಾಳನ್ನು ಗುರುಗಳ ಕೈಗಿಟ್ಟು, “ಅಲ್ಲಿ ಬಾಳವ್ವ, ಇಲ್ಲಿ ನಾನು” ಎಂದಳು.